ಬಿಸಿ ಇಳಿಸಿ ಟರ್ಬೊ ಕೂರಿಸಿದ್ದು: ಪೆಟ್ರೋಲ್ ಎಂಜಿನ್‌ಗೆ ವಿಜಿಟಿ ಬಂದ ಒಂದು ಪ್ರಕರಣ

2016ರ ವಿಯೆನ್ನಾ ಮೋಟರ್ ಸಿಂಪೋಸಿಯಂನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ 1.5 ಲೀಟರಿನ ಹೊಸ ಪೆಟ್ರೋಲ್ ಎಂಜಿನನ್ನು ಮುಂದಿಟ್ಟಿತು. ಹೆಸರು ಇಎ211 ಟಿಎಸ್‌ಐ ಇವೊ. ಅದರ 96 ಕಿಲೋವ್ಯಾಟ್ ಆವೃತ್ತಿಯಲ್ಲಿ, ಅಂದರೆ 130 ಅಶ್ವಶಕ್ತಿಯದರಲ್ಲಿ (ಪಿಎಸ್), ವೇರಿಯಬಲ್ ಜಿಯೋಮೆಟ್ರಿ ಟರ್ಬೊ (ವಿಜಿಟಿ), ಅಂದರೆ ಗ್ಯಾಸಿನ ದಾರಿಯ ಅಗಲ ಬದಲಿಸಬಲ್ಲ ಟರ್ಬೊ, ಇತ್ತು. ಸ್ಪೆಕ್ ಪಟ್ಟಿ ಓದಿದವರಿಗೆ ಇದರಲ್ಲಿ ಅಂಥ ವಿಶೇಷ ಕಾಣುವುದಿಲ್ಲ. ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 200 ನ್ಯೂಟನ್ ಮೀಟರ್, ಅದೂ 1400 ಆರ್‌ಪಿಎಂ ಆಸುಪಾಸಿನಿಂದ. ಇದಕ್ಕೆ ಜಾಗ ಬಿಟ್ಟುಕೊಟ್ಟ ಹಳೆಯ 1.4 ಟಿಎಸ್‌ಐ, ಮಾಮೂಲಿ ಟರ್ಬೊ ಇಟ್ಟುಕೊಂಡೇ, 92 ಕಿಲೋವ್ಯಾಟಿನಲ್ಲಿ ಅದೇ 200 ಕೊಡುತ್ತಿತ್ತು. ಲೀಟರ್ ಲೆಕ್ಕಕ್ಕೆ ಇಳಿದರೆ ಹೊಸದೇ ಹಿಂದೆ: ಹಳೆಯದು ಲೀಟರಿಗೆ ಸುಮಾರು 143, ಹೊಸದು ಸುಮಾರು 133.

ಹಾಗಾದರೆ ಆ ದುಬಾರಿ ಟರ್ಬೊ ಹಾಕಿ ಗಳಿಸಿದ್ದೇನು? ಈ ಪ್ರಕರಣವನ್ನು ಆರಿಸಿಕೊಂಡದ್ದೇ ಈ ಪ್ರಶ್ನೆಗಾಗಿ. ವಿಜಿಟಿ ಎಂದರೆ ಜಾಸ್ತಿ ಪವರ್ ಎಂದು ತಿಳಿದವರಿಗೆ ಈ ಎಂಜಿನ್ ಅರ್ಥವಾಗುವುದಿಲ್ಲ.

ಮೊದಲು ಸಾಮಾನು ಏನು ಎಂಬುದನ್ನು ನೋಡಿಬಿಡೋಣ. ಎಕ್ಸಾಸ್ಟ್, ಅಂದರೆ ಉರಿದು ಹೊರಬೀಳುವ ಗ್ಯಾಸ್, ಟರ್ಬೊದ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ; ಆ ಬಲದಿಂದ ಟರ್ಬೊ ಎಂಜಿನಿಗೆ ಹೆಚ್ಚು ಗಾಳಿ ಒತ್ತಿ ತುಂಬುತ್ತದೆ, ಈ ಒತ್ತಡವೇ ಬೂಸ್ಟ್. ಮಾಮೂಲಿ ಟರ್ಬೊದಲ್ಲಿ ಎಕ್ಸಾಸ್ಟ್ ಗ್ಯಾಸ್ ಟರ್ಬೈನ್ ಚಕ್ರಕ್ಕೆ ಬಡಿಯುವ ದಾರಿಯ ಅಗಲ ಒಂದೇ, ಬದಲಾಗದು. ದಾರಿ ಕಿರಿದಾಗಿದ್ದರೆ ಕಡಿಮೆ ಆರ್‌ಪಿಎಂನಲ್ಲೂ ಗ್ಯಾಸ್ ರಭಸದಿಂದ ನುಗ್ಗುತ್ತದೆ, ಚಕ್ರ ಬೇಗ ವೇಗ ಹಿಡಿಯುತ್ತದೆ. ಆದರೆ ಎಂಜಿನ್ ಮೇಲಿನ ವೇಗಕ್ಕೆ ಹೋದಾಗ ಅದೇ ಕಿರಿದಾದ ದಾರಿ ಕತ್ತು ಹಿಸುಕುತ್ತದೆ. ದಾರಿ ಅಗಲವಾಗಿಟ್ಟರೆ ಮೇಲೆ ಆರಾಮ, ಕೆಳಗೆ ಲ್ಯಾಗ್, ಅಂದರೆ ಟರ್ಬೊ ವೇಗ ಹಿಡಿಯುವಲ್ಲಿ ತಡ. ಈ ಎಳೆದಾಟಕ್ಕೆ ಬಹುಕಾಲದ ಪರಿಹಾರ ವೇಸ್ಟ್‌ಗೇಟ್: ಚಿಕ್ಕ ಟರ್ಬೈನ್ ಹಾಕಿ, ಹೆಚ್ಚಾದ ಗ್ಯಾಸನ್ನು ಪಕ್ಕದ ಬಾಗಿಲಿನಿಂದ ಹೊರಗೆ ಬಿಡುವುದು. ಕೆಲಸಕ್ಕೆ ಬರುತ್ತದೆ, ಆದರೆ ಟರ್ಬೈನಿಗೆ ಸಿಗಬೇಕಿದ್ದ ಶಕ್ತಿ ಸುಮ್ಮನೆ ಆಚೆ ಹೋಗುತ್ತದೆ. ವಿಜಿಟಿಯಲ್ಲಿ ಟರ್ಬೈನ್ ಚಕ್ರದ ಸುತ್ತ ಸಣ್ಣ ರೆಕ್ಕೆಗಳ ಒಂದು ಬಳೆ ಇರುತ್ತದೆ. ಆಕ್ಚುಯೇಟರ್ ಒಂದು ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಎಲ್ಲ ರೆಕ್ಕೆಗಳೂ ಒಟ್ಟಿಗೆ ಓರೆಯಾಗಿ ದಾರಿಯನ್ನು ಕಿರಿದುಗೊಳಿಸುತ್ತವೆ ಅಥವಾ ಅಗಲಗೊಳಿಸುತ್ತವೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ.

ಡೀಸೆಲ್ ಕಾರುಗಳಲ್ಲಿ ಇದು 1990ರ ದಶಕದಲ್ಲೇ ಬಂದು ಮುಂದೆ ಬಹುಮಟ್ಟಿಗೆ ರೂಢಿಯೇ ಆಯಿತು. ಪೆಟ್ರೋಲ್‌ನಲ್ಲಿ ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಹೋಂಡಾ 1988ರಲ್ಲಿ ಜಪಾನಿನ ಲೆಜೆಂಡ್ ಕಾರಿಗೆ ‘ವಿಂಗ್ ಟರ್ಬೊ’ ಹಾಕಿತ್ತು. ಮರುವರ್ಷ ಅಮೆರಿಕದಲ್ಲಿ ಶೆಲ್ಬಿ ಸಿಎಸ್‌ಎಕ್ಸ್ ಕಾರು ಕ್ರೈಸ್ಲರ್‌ನ 2.2 ಲೀಟರ್ ಎಂಜಿನ್ ಮತ್ತು ಗ್ಯಾರೆಟ್‌ನ ವಿಜಿಟಿ ಹೊತ್ತು ಬಂತು. ಮಾಡಿದ್ದು ಕೇವಲ 500 ಕಾರು. ಕ್ರೈಸ್ಲರ್ ಅದೇ ಎಂಜಿನನ್ನು 1990ರ ಮಾಡೆಲ್‌ಗಳಲ್ಲೂ ಕೊಟ್ಟು, ಅಲ್ಲಿಗೇ ಕೈಬಿಟ್ಟಿತು. ಆಮೇಲೆ ದೊಡ್ಡ ಮಟ್ಟದಲ್ಲಿ ಈ ಹಾದಿ ಮತ್ತೆ ತೆರೆದದ್ದು 2006ರಲ್ಲಿ, ಪೋರ್ಷೆ 911 ಟರ್ಬೊ ಬಂದಾಗ.

ಅಡ್ಡಿ ಎಲ್ಲಿತ್ತು ಎಂದರೆ ಬಿಸಿಯಲ್ಲಿ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡು ಓಡುತ್ತದೆ, ಆ ಹೆಚ್ಚುವರಿ ಗಾಳಿಯೇ ಎಕ್ಸಾಸ್ಟನ್ನು ತಣಿಸುತ್ತದೆ. ಕಂಪ್ರೆಷನ್ ರೇಷಿಯೋ (ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಅನುಪಾತ) ಕೂಡ ಹೆಚ್ಚಿರುವುದರಿಂದ ಉರಿದ ಗ್ಯಾಸ್ ಸಿಲಿಂಡರಿನೊಳಗೇ ಚೆನ್ನಾಗಿ ಹಿಗ್ಗಿ, ಬಿಸಿ ಕಳೆದುಕೊಂಡು ಹೊರಬೀಳುತ್ತದೆ. ಹಾಗಾಗಿ ಡೀಸೆಲ್ ಟರ್ಬೈನಿನ ಬಾಯಲ್ಲಿ 800ರಿಂದ 850 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಅಳತೆ ಮಾಡಿ ಅಷ್ಟೂ ಆಮ್ಲಜನಕವನ್ನು ಉರಿಸುತ್ತದೆ. ಪೂರ್ತಿ ಲೋಡಿನಲ್ಲಿ 950, ಕೆಲವೊಮ್ಮೆ 1050 ಡಿಗ್ರಿವರೆಗೂ ಹೋಗುತ್ತದೆ.

ನೂರಿನ್ನೂರು ಡಿಗ್ರಿ ಅಷ್ಟೇ ತಾನೇ ಎನ್ನಬಹುದು. ಒಂದು ರೆಕ್ಕೆಯನ್ನು ಹತ್ತಿರದಿಂದ ನೋಡಿದರೆ ಆ ಮಾತು ಉಳಿಯುವುದಿಲ್ಲ. ಉದಾಹರಣೆಗೆ 8 ಮಿಲಿಮೀಟರ್ ಎತ್ತರ, 12 ಮಿಲಿಮೀಟರ್ ಉದ್ದದ ರೆಕ್ಕೆ ಎಂದಿಟ್ಟುಕೊಳ್ಳಿ. ಅದರ ಎರಡೂ ಬದಿಗೆ ಚಪ್ಪಟೆ ಗೋಡೆಗಳು. ರೆಕ್ಕೆ ತಿರುಗಬೇಕಾದರೆ ಗೋಡೆಗೂ ಅದಕ್ಕೂ ನಡುವೆ ಸಂದು ಬೇಕು. ನಿಕ್ಕಲ್ ಮಿಶ್ರಲೋಹ ತಣ್ಣಗಿರುವಾಗಿನಿಂದ ಸುಮಾರು 880 ಡಿಗ್ರಿಗೆ ಏರಿದರೆ 8 ಮಿಲಿಮೀಟರಿನ ಆ ತುಂಡು ಸುಮಾರು 0.11 ಮಿಲಿಮೀಟರ್ ಹಿಗ್ಗುತ್ತದೆ. ಗೋಡೆಗಳನ್ನು ದೂರ ಹಿಡಿದಿರುವ ಗೂಟಗಳೂ ಹಿಗ್ಗುತ್ತವೆ ನಿಜ, ಆದರೆ ಒಂದೇ ಹೊತ್ತಿಗಲ್ಲ. ಗ್ಯಾಸಿನ ನಡುವೆ ನಿಂತ ತೆಳು ರೆಕ್ಕೆ ಮೊದಲು ಕಾಯುತ್ತದೆ, ದಪ್ಪ ಹೌಸಿಂಗ್ ಆಮೇಲೆ. ಆ ನಡುವಿನ ಕೆಲವು ಸೆಕೆಂಡುಗಳಲ್ಲಿ ರೆಕ್ಕೆ ಗೋಡೆಗೆ ಒತ್ತಿಕೊಂಡು ನಿಲ್ಲಬಾರದು ಎಂದರೆ ತಣ್ಣಗಿರುವಾಗಲೇ ಸಂದನ್ನು ಧಾರಾಳವಾಗಿ ಬಿಡಬೇಕು.

ಧಾರಾಳವಾಗಿ ಬಿಟ್ಟರೆ ಏನಾಗುತ್ತದೆ? ಎರಡೂ ಬದಿಯ ಸಂದು ಸೇರಿ 0.2 ಮಿಲಿಮೀಟರ್ ಎಂದುಕೊಳ್ಳೋಣ. 12 ಮಿಲಿಮೀಟರ್ ಉದ್ದಕ್ಕೆ ಸೋರುವ ಜಾಗ 2.4 ಚದರ ಮಿಲಿಮೀಟರ್. ರೆಕ್ಕೆಗಳು ಅಗಲವಾಗಿ ತೆರೆದು ನಡುವೆ 4 ಮಿಲಿಮೀಟರ್ ದಾರಿ ಇದ್ದರೆ, ಗ್ಯಾಸಿಗೆ ಸಿಗುವ ಸರಿಯಾದ ದಾರಿ 32 ಚದರ ಮಿಲಿಮೀಟರ್. ಸೋರಿಕೆ ಅದರ ಶೇ. 7.5 ಮಾತ್ರ. ಮುಚ್ಚಿಕೊಂಡು 1 ಮಿಲಿಮೀಟರಿಗೆ ಬಂದರೆ ದಾರಿ 8 ಚದರ ಮಿಲಿಮೀಟರ್, ಸೋರಿಕೆ ಅದರ ಶೇ. 30. ವಿಜಿಟಿ ಬೇಕಾಗಿರುವುದೇ ರೆಕ್ಕೆ ಮುಚ್ಚಿದ ಆ ಸ್ಥಿತಿಗಾಗಿ, ಮೋಸ ಹೋಗುವುದೂ ಅಲ್ಲೇ. ಇವು ಲೆಕ್ಕ ತೋರಿಸಲು ಹಿಡಿದ ಅಳತೆಗಳು, ಯಾವುದೇ ಒಂದು ಟರ್ಬೊದವಲ್ಲ. ಆದರೆ ಪ್ರಮಾಣ ಹೀಗೇ ಇರುತ್ತದೆ: ಬಿಸಿ ಹೆಚ್ಚಾದಷ್ಟೂ ಸಂದು ಹೆಚ್ಚಿಡಬೇಕು, ಸಂದು ಹೆಚ್ಚಿದಷ್ಟೂ ಕೆಳಗಿನ ಆರ್‌ಪಿಎಂನ ಲಾಭ ಕರಗುತ್ತದೆ. ಇದರ ಮೇಲೆ ಲೋಹ ಪದರ ಪದರವಾಗಿ ಆಕ್ಸಿಡೀಕರಣಗೊಂಡು ಬಿಗಿಯುವುದು, ಕೆಂಪಗೆ ಕಾದ ರೆಕ್ಕೆ ನಿಧಾನಕ್ಕೆ ಬಾಗುವುದು ಬೇರೆ. ಅಲ್ಲಿಗೆ ಎಣ್ಣೆ ಹಾಕುವಂತೆಯೂ ಇಲ್ಲ.

ಪೋರ್ಷೆ ಹಿಡಿದ ದಾರಿ ನೇರ: ಬಿಸಿ ಇರಲಿ, ಅದನ್ನು ತಾಳುವ ಲೋಹ ತರೋಣ. 1000 ಡಿಗ್ರಿವರೆಗಿನ ಎಕ್ಸಾಸ್ಟಿಗೆ ಒಗ್ಗುವ ಮಿಶ್ರಲೋಹಗಳನ್ನು ವಿಮಾನ ಮತ್ತು ಬಾಹ್ಯಾಕಾಶ ತಂತ್ರಜ್ಞಾನದಿಂದ ಎರವಲು ತಂದು, ಬೋರ್ಗ್‌ವಾರ್ನರ್ ಜತೆ ಸೇರಿ ಟರ್ಬೊ ಮಾಡಿಸಿತು. ಫಲ ಸಣ್ಣದಲ್ಲ. ಹಿಂದಿನ ತಲೆಮಾರಿನ 911 ಟರ್ಬೊ 560 ನ್ಯೂಟನ್ ಮೀಟರ್ ಕೊಡಲು 2700 ಆರ್‌ಪಿಎಂ ತನಕ ಕಾಯಬೇಕಿತ್ತು; ಹೊಸದು 1950ಕ್ಕೇ 620 ಕೊಟ್ಟು 5000 ತನಕ ಹಿಡಿದಿಟ್ಟಿತು. ಎಂಜಿನ್ ಗಾತ್ರ ಎರಡರಲ್ಲೂ 3.6 ಲೀಟರ್.

ಇಲ್ಲಿ ಪೋರ್ಷೆಗೆ ಇನ್ನೊಂದು ಅನುಕೂಲವಿತ್ತು, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಆರು ಸಿಲಿಂಡರಿನ ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರ್‌ಗಳು ಎರಡು ಬದಿಗೆ ಮೂರು ಮೂರಾಗಿ ಮಲಗಿರುವಂಥದು. ಒಂದೊಂದು ಬದಿಯ ಮೂರು ಸಿಲಿಂಡರಿಗೆ ಒಂದೊಂದು ಟರ್ಬೊ. ಒಂದು ಬದಿಯ ಮೂರರಲ್ಲಿ ಎಕ್ಸಾಸ್ಟ್ ಬಡಿತಗಳು ಕ್ರ್ಯಾಂಕ್‌ಶಾಫ್ಟ್ 240 ಡಿಗ್ರಿ ತಿರುಗುವಷ್ಟು ಅಂತರದಲ್ಲಿ ಬರುತ್ತವೆ, ಒಂದರ ಮೇಲೊಂದು ಬೀಳುವುದಿಲ್ಲ. ನಾಲ್ಕು ಸಿಲಿಂಡರ್ ಎಂಜಿನಿನಲ್ಲಿ ಆ ಅಂತರ 180 ಡಿಗ್ರಿಗೆ ಇಳಿಯುತ್ತದೆ. ಒಂದು ಸಿಲಿಂಡರ್ ತನ್ನ ಕೊನೆಯ ಗ್ಯಾಸನ್ನು ಹೊರಹಾಕುವ ಹೊತ್ತಿಗೆ ಇನ್ನೊಂದರ ವಾಲ್ವ್ ತೆರೆದು ಒತ್ತಡದ ಅಲೆ ವಾಪಸ್ಸು ತಳ್ಳುತ್ತದೆ. ಇದಕ್ಕೆ ಮದ್ದು ಟ್ವಿನ್ ಸ್ಕ್ರೋಲ್ ಟರ್ಬೊ, ಅಂದರೆ ಎರಡೆರಡು ಸಿಲಿಂಡರಿನ ಗ್ಯಾಸನ್ನು ಚಕ್ರದ ತನಕ ಬೇರೆ ಬೇರೆಯಾಗಿಯೇ ಒಯ್ಯುವುದು. ಆದರೆ ಚಕ್ರದ ಸುತ್ತ ರೆಕ್ಕೆಗಳ ಬಳೆ ಇಟ್ಟಮೇಲೆ ಆ ಎರಡು ದಾರಿಗಳನ್ನು ಕೊನೆತನಕ ಬೇರೆಯಾಗಿಡುವುದು ತೊಡಕಿನ ಕೆಲಸ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಮಾಡುವವರು ಬಹುಪಾಲು ಟ್ವಿನ್ ಸ್ಕ್ರೋಲ್ ಕಡೆಗೋ ಮಾಮೂಲಿ ವೇಸ್ಟ್‌ಗೇಟ್ ಕಡೆಗೋ ವಾಲಿದ್ದರಲ್ಲಿ ಅಚ್ಚರಿ ಏನೂ ಇಲ್ಲ.

ಈಗ ಫೋಕ್ಸ್‌ವ್ಯಾಗನ್ ಕಡೆಗೆ. ಗಾಲ್ಫ್‌ನಂಥ ಕಾರಿಗೆ, ಲಕ್ಷಗಟ್ಟಲೆ ಮಾರಬೇಕಾದ ಎಂಜಿನಿಗೆ, 911ರ ಲೋಹ ಹಾಕಲಾಗದು. ವಿಜಿಟಿ ಹಾಕಲೇಬೇಕೆಂಬ ಹಟವೂ ಅವರಿಗಿರಲಿಲ್ಲ. ಅದೇ ಎಂಜಿನಿನ 110 ಕಿಲೋವ್ಯಾಟ್ ಆವೃತ್ತಿ ಆಗ ಮಾಮೂಲಿ ಟರ್ಬೊದಲ್ಲೇ 250 ನ್ಯೂಟನ್ ಮೀಟರ್ ಕೊಟ್ಟಿತು. ಅವರಿಗೆ ಬೇಕಾಗಿದ್ದದ್ದು ಪೆಟ್ರೋಲ್ ಉಳಿತಾಯ. ಅದಕ್ಕಾಗಿ ಆರಿಸಿದ್ದು ಮಿಲ್ಲರ್ ಸೈಕಲ್ ಎಂಬ, ಎಂಜಿನ್ ಗಾಳಿ ಎಳೆದು ಉರಿಸುವ ಬೇರೆ ಬಗೆಯ ಕ್ರಮ.

ಇಲ್ಲಿ ಬಳಸಿದ ಮಿಲ್ಲರ್ ಸೈಕಲ್ಲಿನಲ್ಲಿ ಇನ್‌ಟೇಕ್ ವಾಲ್ವ್, ಅಂದರೆ ಗಾಳಿ ಒಳಬರುವ ಬಾಗಿಲು, ಬೇಗ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಗಿಲು ಬಂದ್. ಒಳಗಿನ ಗಾಳಿ ಉಳಿದ ದಾರಿಯಲ್ಲಿ ಹಿಗ್ಗಿ ತಣ್ಣಗಾಗುತ್ತದೆ, ಆಮೇಲೆ ಒತ್ತಿಸಿಕೊಳ್ಳುತ್ತದೆ. ಒತ್ತುವ ದೂರ ಕಡಿಮೆ, ಉರಿದ ಮೇಲೆ ಹಿಗ್ಗುವ ದೂರ ಪೂರ್ತಿ. ನಾಕಿಂಗ್ (ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿದು ಹೊತ್ತಿಕೊಳ್ಳುವುದು) ಹೆದರಿಕೆ ಕಡಿಮೆಯಾದ್ದರಿಂದ ಕಂಪ್ರೆಷನ್ ರೇಷಿಯೋವನ್ನು 12.5ಕ್ಕೆ ಏರಿಸಬಹುದಾಯಿತು. ಟರ್ಬೊ ಪೆಟ್ರೋಲ್ ಎಂಜಿನಿಗೆ ಇದು ದೊಡ್ಡ ಅಂಕಿ. ಪಕ್ಕದ 110 ಕಿಲೋವ್ಯಾಟ್ ಆವೃತ್ತಿಯಲ್ಲಿ ಅದು 10.5.

ಇದಕ್ಕೆ ತೆರಬೇಕಾದ ಬೆಲೆ ಗಾಳಿ. ವಾಲ್ವ್ ಬೇಗ ಮುಚ್ಚಿದರೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. 1.5 ಲೀಟರಿನ ಎಂಜಿನ್ ಅದಕ್ಕಿಂತ ಚಿಕ್ಕದರ ಹಾಗೆ ಉಸಿರಾಡುತ್ತದೆ. ಹೋದ ಗಾಳಿಯನ್ನು ವಾಪಸ್ ತರಲು ಒಂದೇ ದಾರಿ: ಬೂಸ್ಟ್ ಏರಿಸುವುದು. ಅದೂ 1400 ಆರ್‌ಪಿಎಂನಲ್ಲಿ, ಎಕ್ಸಾಸ್ಟಿನಲ್ಲಿ ಕಸುವೇ ಇಲ್ಲದ ಹೊತ್ತಿನಲ್ಲಿ. ಮಾಮೂಲಿ ಟರ್ಬೊದಲ್ಲಿ ಇದಕ್ಕೆ ತೀರಾ ಚಿಕ್ಕ ಟರ್ಬೈನ್ ಬೇಕು, ಅದು ಮೇಲಿನ ವೇಗದಲ್ಲಿ ಕತ್ತು ಹಿಸುಕುತ್ತದೆ. ವಿಜಿಟಿ ಇಲ್ಲದೆ ಈ ಮಿಲ್ಲರ್ ಎಂಜಿನ್ ಕೆಳಗಡೆ ಸಪ್ಪೆಯಾಗುತ್ತಿತ್ತು.

ಇನ್ನು ಎದುರು ದಿಕ್ಕಿನಿಂದ ನೋಡಿ. ಹಿಗ್ಗುವ ದೂರ ಹೆಚ್ಚಾದರೆ ಗ್ಯಾಸ್ ಸಿಲಿಂಡರಿನೊಳಗೇ ಹೆಚ್ಚು ಕೆಲಸ ಮಾಡಿ, ಹೆಚ್ಚು ತಣಿದು ಹೊರಬರುತ್ತದೆ. ಎಷ್ಟು ತಣಿಯುತ್ತದೆ ಎಂದು ಒರಟು ಲೆಕ್ಕ ಹಾಕಬಹುದು. ಉರಿಯುವಾಗಿನ ಗರಿಷ್ಠ ಬಿಸಿ ಒಂದೇ ಎಂದು ಹಿಡಿದು, ಹಿಗ್ಗುವ ಅನುಪಾತವನ್ನಷ್ಟೇ 10.5ರಿಂದ 12.5ಕ್ಕೆ ಏರಿಸಿದರೆ, ಬಿಸಿ ಅನಿಲ ಹಿಗ್ಗುವಾಗ ಎಷ್ಟು ತಣಿಯುತ್ತದೆ ಎಂದು ಹೇಳುವ ಗುಣಾಂಕ 1.28 ಎಂದಿಟ್ಟುಕೊಂಡರೆ, ಕೆಲ್ವಿನ್ ಲೆಕ್ಕದಲ್ಲಿ ಎಕ್ಸಾಸ್ಟ್ ಶೇ. 5ರಷ್ಟು ಇಳಿಯುತ್ತದೆ. 950 ಡಿಗ್ರಿ ಸೆಲ್ಸಿಯಸ್ ಇದ್ದದ್ದು 890ರ ಹತ್ತಿರ ಬರುತ್ತದೆ. ಒತ್ತುವ ಮೊದಲೇ ಗಾಳಿ ತಣ್ಣಗಾಗಿರುವುದೂ, ನಾಕಿಂಗ್ ಕಡಿಮೆಯಾದ್ದರಿಂದ ಕಿಡಿಯನ್ನು ತಡ ಮಾಡಬೇಕಾಗಿಲ್ಲದಿರುವುದೂ ಇದಕ್ಕೆ ಕೂಡುತ್ತವೆ. ಕಿಡಿ ತಡವಾದರೆ ಉರಿ ತಡವಾಗಿ ಮುಗಿದು ಆ ಬಿಸಿ ನೇರ ಟರ್ಬೊಗೇ ಹೋಗುತ್ತದೆ. ಪೆಟ್ರೋಲ್ ಟರ್ಬೊಗಳು ಕೆಂಪಗಾಗಲು ಇದೊಂದು ಮುಖ್ಯ ಕಾರಣ.

ಫೋಕ್ಸ್‌ವ್ಯಾಗನ್ ತನ್ನ ವಿಜಿಟಿಗೆ ಇಟ್ಟ ಮಿತಿ 880 ಡಿಗ್ರಿ. ಡೀಸೆಲ್ ಜಗತ್ತಿಗಿಂತ ತುಸು ಮೇಲೆ, ಪೋರ್ಷೆಯ 1000ಕ್ಕಿಂತ ತುಂಬಾ ಕೆಳಗೆ. ಮಿಲ್ಲರ್‌ಗೆ ವಿಜಿಟಿ ಬೇಕು, ಆ ವಿಜಿಟಿ ಬದುಕಲು ಮಿಲ್ಲರ್ ಬೇಕು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಇಡೀ ವಿನ್ಯಾಸದ ಜಾಣತನ ಇಲ್ಲಿದೆ ಎಂಬುದು ನನ್ನ ಎಣಿಕೆ. ಪ್ಲಾಸ್ಮಾ ಲೇಪನದ ಸಿಲಿಂಡರ್, 350 ಬಾರ್ ಇಂಜೆಕ್ಷನ್, ಎರಡು ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಎಲ್ಲವೂ ಒಳ್ಳೆಯವೇ, ಆದರೆ ಅವಿಲ್ಲದೆಯೂ ಈ ಎಂಜಿನ್ ಇರಬಹುದಿತ್ತು.

ಈಗ ಮೊದಲಿನ ಅಂಕಿಗಳನ್ನು ಮತ್ತೆ ಓದಬಹುದು. 200 ನ್ಯೂಟನ್ ಮೀಟರ್ ಹೆಚ್ಚಾಗಲಿಲ್ಲ ಎಂಬುದಲ್ಲ ವಿಷಯ. ಮಿಲ್ಲರ್ ಕಸಿದುಕೊಂಡ ಗಾಳಿಯನ್ನು ತುಂಬಿಕೊಟ್ಟು 200ರಲ್ಲೇ ನಿಲ್ಲಿಸಿಕೊಂಡದ್ದು. ಗಳಿಕೆ ಬಂದದ್ದು ಇಂಧನದ ಖಾತೆಗೆ: ಹಳೆಯ 1.4ಕ್ಕೆ ಹೋಲಿಸಿದರೆ ಶೇ. 10ರವರೆಗೆ ಉಳಿತಾಯ ಎಂದು ಕಂಪನಿ ಹೇಳಿಕೊಂಡಿತು. ಅದರಲ್ಲಿ ಯಾವ ಭಾಗಕ್ಕೆ ಎಷ್ಟು ಪಾಲು ಎಂದು ಬಿಡಿಸುವುದು ಹೊರಗಿನವರಿಗೆ ಆಗದ ಕೆಲಸ. ಪೂರ್ತಿ ಲೋಡಿನಲ್ಲಿ ಟರ್ಬೊ ಉಳಿಸಲು ಹೆಚ್ಚುವರಿ ಪೆಟ್ರೋಲ್ ಸುರಿಯುವ ಹಳೆಯ ಚಟ ಕಡಿಮೆಯಾಗುವುದಂತೂ ಖಂಡಿತ. ಎಕ್ಸಾಸ್ಟ್ ತಣಿಸಲೆಂದೇ ಸುರಿದ ಆ ಪೆಟ್ರೋಲ್ ಚಕ್ರಗಳಿಗೆ ಕೊಡುವುದು ಏನೂ ಇಲ್ಲ, ಹೊರಗೆ ಬಿಡುವುದು ಕಾರ್ಬನ್ ಮಾನಾಕ್ಸೈಡ್.

ಲೋಹದ ಮಾತು ಮುಗಿದರೂ ಕಂಟ್ರೋಲ್ ಮಾತು ಉಳಿಯುತ್ತದೆ, ಡೀಸೆಲ್ ಅನುಭವ ಇಲ್ಲಿ ಅರ್ಧಕ್ಕರ್ಧ ಕೈಕೊಡುತ್ತದೆ. ಕಾರು 1500 ಆರ್‌ಪಿಎಂನಲ್ಲಿ ಮೆಲ್ಲಗೆ ಹೋಗುತ್ತಿದೆ, ಚಾಲಕ ಒಮ್ಮೆಲೇ ಪೆಡಲ್ ಒತ್ತಿದ ಎನ್ನಿ. ಥ್ರಾಟಲ್ ತೆರೆಯುತ್ತದೆ. ರೆಕ್ಕೆಗಳು ಮುಚ್ಚಿಕೊಳ್ಳುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ತಕ್ಷಣ ಏರುತ್ತದೆ, ಆದರೆ ಚಕ್ರಕ್ಕೆ ತೂಕವಿದೆ, ಅದು ವೇಗ ಹಿಡಿದು ಬೂಸ್ಟ್ ಕಟ್ಟಲು ಹೊತ್ತು ಬೇಕು. ಆ ನಡುವಿನ ಕ್ಷಣದಲ್ಲಿ ಪಿಸ್ಟನ್‌ಗಳು ಒತ್ತಡದ ವಿರುದ್ಧ ಗ್ಯಾಸ್ ತಳ್ಳುತ್ತಿರುತ್ತವೆ, ಹೊರಹೋಗದ ಬಿಸಿ ಗ್ಯಾಸ್ ಸಿಲಿಂಡರಿನಲ್ಲೇ ಉಳಿಯುತ್ತದೆ. ಡೀಸೆಲ್ ಇದನ್ನು ಸಹಿಸಿಕೊಳ್ಳುತ್ತದೆ, ಅದರ ಬಳಿ ಗಾಳಿ ಮಿಕ್ಕಿರುತ್ತದೆ. ಪೆಟ್ರೋಲಿನಲ್ಲಿ ಉಳಿದ ಗ್ಯಾಸ್ ಎಂದರೆ ಅಷ್ಟು ಹೊಸ ಗಾಳಿ ಕಡಿಮೆ, ಅಷ್ಟು ಟಾರ್ಕ್ ಕಡಿಮೆ, ಮೇಲೆ ನಾಕಿಂಗಿಗೆ ಆಹ್ವಾನ. ಪೂರ್ತಿ ಮುಚ್ಚಿದರೆ ಬೂಸ್ಟ್ ಬೇಗ ಬರುತ್ತದೆ, ಟಾರ್ಕ್ ಬೇಗ ಬರುವುದಿಲ್ಲ. ಸರಿಯಾದ ಜಾಗ ಪೂರ್ತಿ ಮುಚ್ಚುವುದಕ್ಕಿಂತ ತುಸು ಮೊದಲೇ ಇರುತ್ತದೆ, ಪ್ರತಿ ಆರ್‌ಪಿಎಂಗೂ ಬೇರೆ ಇರುತ್ತದೆ, ಬೂಸ್ಟ್ ಏರುತ್ತಿದ್ದಂತೆ ರೆಕ್ಕೆಗಳು ಹಿಂದೆಗೆಯಬೇಕಾಗುತ್ತದೆ. ಬೂಸ್ಟ್ ಮೀಟರ್ ಮಾತ್ರ ನೋಡಿ ಟ್ಯೂನ್ ಮಾಡುವವರು ಎಡವುವುದು ಇಲ್ಲೇ. ಟರ್ಬೈನಿಗೆ ಗ್ಯಾಸ್ ತಲುಪುವ ಮೊದಲಿನ (ಮ್ಯಾನಿಫೋಲ್ಡಿನ) ಒತ್ತಡವನ್ನೂ ಅಳೆಯದೆ ವಿಜಿಟಿ ಪೆಟ್ರೋಲ್ ಎಂಜಿನನ್ನು ಟ್ಯೂನ್ ಮಾಡುವುದು ಕಣ್ಣುಮುಚ್ಚಿ ಓಡಿಸಿದಂತೆಯೇ.

ಮೆಲ್ಲಗೆ ಹೋಗುವಾಗ ಇದರ ತದ್ವಿರುದ್ಧ. ಬೂಸ್ಟ್ ಬೇಡದಾಗ ರೆಕ್ಕೆಗಳು ಅಗಲವಾಗಿ ತೆರೆದಿರಬೇಕು, ಇಲ್ಲದಿದ್ದರೆ ಸುಮ್ಮನೆ ಪಂಪಿಂಗ್ ನಷ್ಟ, ಅಂದರೆ ಗ್ಯಾಸನ್ನು ಹೊರತಳ್ಳಲೆಂದೇ ಖರ್ಚಾಗುವ ಶಕ್ತಿ. ಬೆಳಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಮತ್ತೊಂದು ತಲೆನೋವು: ವೇಸ್ಟ್‌ಗೇಟ್ ಇದ್ದರೆ ಅದನ್ನು ತೆರೆದು ಬಿಸಿ ಗ್ಯಾಸನ್ನು ನೇರ ಕ್ಯಾಟಲಿಟಿಕ್ ಕನ್ವರ್ಟರಿಗೆ ಕಳಿಸಬಹುದು, ಅದು ಬೇಗ ಕಾದು ಕೆಲಸ ಶುರುಮಾಡುತ್ತದೆ. ಬರೀ ರೆಕ್ಕೆಗಳಿದ್ದರೆ ಎಲ್ಲ ಗ್ಯಾಸೂ ತಣ್ಣನೆಯ ಟರ್ಬೈನನ್ನು ದಾಟಿಯೇ ಹೋಗಬೇಕು. ಪವರ್ ಮೇಲಕ್ಕೇರಿದಾಗಲೂ ವೇಸ್ಟ್‌ಗೇಟಿನ ನೆನಪಾಗುತ್ತದೆ. 2016ರಲ್ಲೇ ಬಂದ ಪೋರ್ಷೆ 718ರ ‘ಎಸ್’ ಮಾಡೆಲ್‌ಗಳ 2.5 ಲೀಟರ್ ಎಂಜಿನ್ ಲೀಟರಿಗೆ 100 ಕಿಲೋವ್ಯಾಟ್ ದಾಟಿತು. ಅಲ್ಲಿ ಪೋರ್ಷೆ ವಿಜಿಟಿಯ ಜತೆಗೇ ಒಂದು ವೇಸ್ಟ್‌ಗೇಟನ್ನೂ ಇಟ್ಟಿತು. ಅದೇ ಕಾರಿನ 2 ಲೀಟರ್ ಎಂಜಿನಿಗೆ ಮಾಮೂಲಿ ಟರ್ಬೊ ಸಾಕೆನ್ನಿಸಿತು. ಫೋಕ್ಸ್‌ವ್ಯಾಗನ್ ಎಂಜಿನ್ ಲೀಟರಿಗೆ 64 ಕಿಲೋವ್ಯಾಟಿನಲ್ಲಿ ನಿಂತಿತ್ತು. ಆ ಮಿತವ್ಯಯ ಆಕಸ್ಮಿಕವಲ್ಲ. ಪವರ್ ಆಸೆಗೆ ಬಿದ್ದಿದ್ದರೆ ಗ್ಯಾಸಿನ ಪ್ರಮಾಣ ರೆಕ್ಕೆಗಳ ಹರವನ್ನು ಮೀರುತ್ತಿತ್ತು, ಬಿಸಿ 880ನ್ನು ಮೀರುತ್ತಿತ್ತು.

ಹಾಗೆಂದು ಲೀಟರಿಗೆ 64 ಕಿಲೋವ್ಯಾಟೇ ಕೊನೆಯ ಗೆರೆಯಾಗಿ ಉಳಿಯಲಿಲ್ಲ. ಒಂದು ಲೀಟರಿನ ಮೂರು ಸಿಲಿಂಡರ್ ಟಿಎಸ್‌ಐ ಇವೊ 81 ಕಿಲೋವ್ಯಾಟಿನಲ್ಲಿ ವಿಜಿಟಿ ಪಡೆಯಿತು. ಮೂರು ಸಿಲಿಂಡರ್ ಎಂದರೆ ಮತ್ತೆ 240 ಡಿಗ್ರಿ ಅಂತರ, 911ರ ಒಂದು ಬದಿಗೆ ಸಿಕ್ಕಿದ ಅನುಕೂಲವೇ ಇದಕ್ಕೂ. ಮುಂದೆ 1.5ರ ‘ಇವೊ2’ ಬಂದಾಗ 110 ಕಿಲೋವ್ಯಾಟ್ ಆವೃತ್ತಿಯೂ ಮಾಮೂಲಿ ಟರ್ಬೊ ಬಿಟ್ಟು ಮಿಲ್ಲರ್ ಮತ್ತು ವಿಜಿಟಿಯ ಜೋಡಿಗೆ ಬಂತು. ಹೊಗೆ ನಿಯಮಗಳು ಬಿಗಿಯಾಗುತ್ತ, ಪೂರ್ತಿ ಲೋಡಿನಲ್ಲೂ ಹೆಚ್ಚುವರಿ ಪೆಟ್ರೋಲ್ ಸುರಿಯುವ ರಿಯಾಯಿತಿ ಕಡಿಮೆಯಾಗುತ್ತಿರುವಾಗ ಎಕ್ಸಾಸ್ಟನ್ನು ಸಿಲಿಂಡರಿನೊಳಗೇ ತಣಿಸುವ ಎಂಜಿನಿಗೆ ಬೆಲೆ ಹೆಚ್ಚು. 48 ವೋಲ್ಟಿನ ಮೋಟರ್ ಇರುವ ಕಾರಿನಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ: ಪೆಡಲ್ ಒತ್ತಿದ ಮೊದಲ ಕ್ಷಣದ ಕೊರತೆಯನ್ನು ಮೋಟರ್ ತುಂಬಿದರೆ ರೆಕ್ಕೆಗಳನ್ನು ಅಷ್ಟು ಬಿಗಿಯಾಗಿ ಮುಚ್ಚಬೇಕಾಗಿಲ್ಲ, ಸಂದಿನ ಸೋರಿಕೆ ಅತಿ ಹೆಚ್ಚು ಕಾಡುವ ಆ ಮೂಲೆಗೆ ಟರ್ಬೊ ಹೋಗುವುದೇ ಕಡಿಮೆಯಾಗುತ್ತದೆ.